ಫ್ರೆಂಚ್ ಬಲ್ಲವಳು ಇಟಾಲಿಯನ್ ಕಲಿತ ಬಗೆ

ಇಟಲಿಯ ಟೊರಿನೊ ನಗರಕ್ಕೆ ಬಂದ ಮೊದಲ ವಾರ. ಅಂಗಡಿಯಲ್ಲಿ ಒಂದು ಪೊಟ್ಟಣದ ಮೇಲೆ ಎಸ್, ಎ, ಎಲ್, ಇ ಎಂಬ ನಾಲ್ಕು ಅಕ್ಷರಗಳನ್ನು ಕಂಡು ಕೈ ಹಿಂದಕ್ಕೆಳೆದುಕೊಂಡೆ. ಫ್ರೆಂಚಿನಲ್ಲಿ ಅದನ್ನು ‘ಸಾಲ್’ ಎಂದು ಓದುತ್ತಾರೆ, ಅರ್ಥ ಕೊಳಕು. ಇಟಾಲಿಯನ್‌ನಲ್ಲಿ ಅದು ‘ಸಾಲೆ’, ಅಂದರೆ ಉಪ್ಪು. ನನಗೆ ಬೇಕಾಗಿದ್ದುದೂ ಉಪ್ಪೇ.

ಬೆಂಗಳೂರಿನಲ್ಲಿ ಮೂರು ವರ್ಷ ಸಂಜೆ ತರಗತಿಗೆ ಹೋಗಿ ಫ್ರೆಂಚ್ ಕಲಿತಿದ್ದೆ. ಕೆಲಸ ಸಿಕ್ಕಿದ್ದು ಇಟಲಿಯಲ್ಲಿ. ಎರಡೂ ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳು, ಪದಸಂಪತ್ತಿನಲ್ಲಿ ಶೇ. 89ರಷ್ಟು ಹೋಲಿಕೆಯಿದೆ ಎಂದು ಎಲ್ಲರೂ ಧೈರ್ಯ ಹೇಳಿದ್ದರು. ಆ ಹೋಲಿಕೆ ಇರುವುದು ಕಾಗದದ ಮೇಲೆ. ಮೂರನೆಯ ವಾರಕ್ಕೆ ದಿನಪತ್ರಿಕೆಯ ಸುದ್ದಿ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಟ್ರಾಮಿನಲ್ಲಿ ಪಕ್ಕದವರ ಮಾತು ಒಂದಿಷ್ಟೂ ಅರ್ಥವಾಗುತ್ತಿರಲಿಲ್ಲ.

ದಾರಿ ತೋರಿಸಿದ್ದು ಬಾಲ್ಯದ ತೆಲುಗು. ನಾನು ಕೋಲಾರದ ಕಡೆಯವಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕೆರೆ ಅವರಿಗೆ ಚೆರುವು, ನಮ್ಮ ಕೈ ಅವರಿಗೆ ಚೆಯ್ಯಿ. ಹೀಗೆ ‘ಕ’ ಇದ್ದಲ್ಲಿ ‘ಚ’ ಹುಡುಕುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಒಂದು ಸಂಜೆ ಟಿಪ್ಪಣಿ ಪುಸ್ತಕ ತೆರೆದು ಕುಳಿತಾಗ ಅದೇ ಬಗೆಯ ನಂಟು ಇಲ್ಲಿಯೂ ಕಣ್ಣಿಗೆ ಬಿತ್ತು. ಲ್ಯಾಟಿನ್‌ನ ‘ಕ’ವನ್ನು ಇಟಾಲಿಯನ್ ಉಳಿಸಿಕೊಂಡ ಎಷ್ಟೋ ಕಡೆ ಫ್ರೆಂಚ್ ಅದನ್ನು ‘ಶ’ ಮಾಡಿದೆ. ಕುದುರೆ ಇಲ್ಲಿ ಕವಾಲ್ಲೊ, ಅಲ್ಲಿ ಶೆವಾಲ್. ಆಡು ಕಾಪ್ರಾ, ಶೆವ್ರ್. ಹಾಡುವುದು ಕಾಂತಾರೆ, ಶಾಂತೇ. ಅಂದಿನಿಂದ ಒಂಟಿ ಪದಗಳನ್ನು ಉರು ಹೊಡೆಯುವುದನ್ನು ಬಿಟ್ಟೆ. ಧ್ವನಿ ಬದಲಾಗುವ ಒಂದೊಂದು ನಿಯಮಕ್ಕೂ ಒಂದೊಂದು ಪುಟ ಮೀಸಲಿಟ್ಟು, ಸಿಕ್ಕ ಪದಗಳನ್ನು ಅಲ್ಲಿಗೆ ಸೇರಿಸುತ್ತ ಹೋದೆ.

ನನಗೆ ಅತ್ಯಂತ ಪ್ರಿಯವಾದದ್ದು ‘ತ್ತ’ಕಾರದ ಪುಟ. ರಾತ್ರಿ, ಹಾಲು, ಎಂಟು ಇಟಾಲಿಯನ್‌ನಲ್ಲಿ ನೊತ್ತೆ, ಲಾತ್ತೆ, ಒತ್ತೊ. ಲ್ಯಾಟಿನ್‌ನಲ್ಲಿ ಇವುಗಳಲ್ಲಿ ‘ಕ್ತ’ ಇತ್ತು. ಸಂಸ್ಕೃತದ ರಕ್ತ ಪ್ರಾಕೃತದಲ್ಲಿ ರತ್ತ ಆದ ಹಾಗೆ ಇಲ್ಲಿಯೂ ‘ಕ’ ಕರಗಿ ‘ತ’ ಇಮ್ಮಡಿಯಾಯಿತು. ಫ್ರೆಂಚಿನಲ್ಲಿ ಆ ‘ಕ’ ಸ್ವರವಾಗಿ ಬೆರೆತು ನುಯಿ, ಲೆ, ಉಯಿತ್ ಆಯಿತು. ಇನ್ನೊಂದು ಪುಟ ನಮ್ಮ ಅಜ್ಜಿಯನ್ನು ನೆನಪಿಸಿತು. ಅವರು ಸ್ಕೂಲನ್ನು ‘ಇಸ್ಕೂಲು’ ಎನ್ನುತ್ತಿದ್ದರು. ಫ್ರೆಂಚರೂ ಹಿಂದೆ ಹಾಗೆಯೇ ‘ಸ’ದ ಒತ್ತಿನ ಮುಂದೆ ಸ್ವರವೊಂದನ್ನು ಸೇರಿಸಿದರು, ಆಮೇಲೆ ‘ಸ’ವನ್ನೇ ಕೈಬಿಟ್ಟರು. ಆದ್ದರಿಂದ ಇಟಾಲಿಯನ್ ಸ್ಕುವೋಲಾ ಅಲ್ಲಿ ಎಕೋಲ್, ನಕ್ಷತ್ರವಾದ ಸ್ತೆಲ್ಲಾ ಎತ್ವಾಲ್. ಹೂವಿನ ಫ್ಲರ್ ಫಿಯೋರೆ ಆಗುವುದು, ಬಿಳಿಯ ಬ್ಲಾಂ ಬಿಯಾಂಕೊ ಆಗುವುದು ಇನ್ನೂ ಸುಲಭ: ‘ಲ’ ಹೋಗಿ ‘ಯ’ ಬರುತ್ತದೆ, ಅಷ್ಟೆ.

ಓದುವುದಕ್ಕೆ ಇಷ್ಟು ಸಾಕಾಯಿತು. ಮಾತಿಗೆ ಇಳಿದಾಗ ಹೋಲಿಕೆಯೇ ಕಾಲಿಗೆ ತೊಡರಿತು. ಬಾಗಿಲು ಮುಚ್ಚಿದ್ದೇನೆ ಎಂದು ಮನೆಯೊಡತಿಗೆ ಹೇಳಲು ಫ್ರೆಂಚಿನ ‘ಫೆರ್ಮೇ’ಯನ್ನು ನೆಚ್ಚಿಕೊಂಡು ‘ಫೆರ್ಮಾತೊ’ ಎಂದೆ. ಇಟಾಲಿಯನ್‌ನಲ್ಲಿ ಅದಕ್ಕೆ ನಿಲ್ಲಿಸಿದ್ದೇನೆ ಎಂಬ ಅರ್ಥ. ಅವರು ಗಾಬರಿಯಿಂದ ಬಾಗಿಲಿನತ್ತ ನಡೆದರು. ಮುಚ್ಚುವುದಕ್ಕೆ ಇಲ್ಲಿ ‘ಕಿಯೂದೆರೆ’ ಎನ್ನಬೇಕು. ಫ್ರೆಂಚಿನ ‘ಗಾರ್ದೇ’ ಎಂದರೆ ಇಟ್ಟುಕೊಳ್ಳುವುದು, ಇಟಾಲಿಯನ್‌ನ ‘ಗ್ವಾರ್ದಾರೆ’ ಎಂದರೆ ನೋಡುವುದು. ಇಂತಹವುಗಳಿಗೆ ನಿಯಮವಿಲ್ಲ. ಒಂದೊಂದಕ್ಕೂ ಪೂರ್ತಿ ವಾಕ್ಯ ಬರೆದುಕೊಂಡು ಗಟ್ಟಿಯಾಗಿ ಓದಿದೆ.

ಕನ್ನಡ ಕೈಹಿಡಿದ ಕಡೆಗಳೂ ಇದ್ದವು. ಫ್ರೆಂಚಿನಲ್ಲಿ ‘ನಾನು’ ಎನ್ನದೆ ವಾಕ್ಯ ಹೊರಡುವುದಿಲ್ಲ. ಇಟಾಲಿಯನ್‌ನ ‘ಮಾಂಜೊ’ ನಮ್ಮ ‘ತಿನ್ನುತ್ತೇನೆ’ಯಂತೆ ತನ್ನ ಕರ್ತೃವನ್ನು ತಾನೇ ಹೊತ್ತಿರುತ್ತದೆ. ಕತೆಗೂ ಕತ್ತೆಗೂ ಇರುವ ಅಂತರ ಬಲ್ಲ ಕಿವಿಗೆ ಪಾಲಾ (ಸಲಿಕೆ), ಪಾಲ್ಲಾ (ಚೆಂಡು) ಬೇರೆಯಾಗಿಯೇ ಕೇಳಿಸುತ್ತವೆ. ಫ್ರಾನ್ಸಿನಲ್ಲಿ ಎಪ್ಪತ್ತನ್ನು ಅರವತ್ತು-ಹತ್ತು ಎಂದೂ ಎಂಬತ್ತನ್ನು ನಾಲ್ಕು ಇಪ್ಪತ್ತು ಎಂದೂ ಎಣಿಸಿ ದಣಿದಿದ್ದವಳಿಗೆ ಸೆತ್ತಾಂತಾ, ಒತ್ತಾಂತಾ ಮನೆಯ ಮಾತಿನಂತೆ ಒಗ್ಗಿದವು. ಗೌರವದ ಮಾತಿನಲ್ಲಿ ಫ್ರೆಂಚಿನ ‘ವು’ ನಮ್ಮ ‘ನೀವು’. ಇಟಾಲಿಯನ್‌ನ ‘ಲೆಯಿ’ಯ ಮೂಲಾರ್ಥ ‘ಅವಳು’, ಗಂಡಸರನ್ನೂ ಹಾಗೆಯೇ ಕರೆಯಬೇಕು. ‘ಅವರು ತಾವೇ ಬಂದರು’ ಎನ್ನುವ ‘ತಾವು’ ‘ತಾವು ಬನ್ನಿ’ ಎಂಬಲ್ಲಿ ಎದುರಿಗಿದ್ದವರನ್ನು ಕುರಿತದ್ದಾಗುತ್ತದಲ್ಲ, ಆ ವಿನಯವನ್ನು ನೆನೆದು ನಾನು ‘ಲೆಯಿ’ಯನ್ನು ಒಪ್ಪಿಕೊಂಡೆ.

ಇಂದಿಗೂ ನನ್ನನ್ನು ಸತಾಯಿಸುವುದು ಲಿಂಗ. ಫ್ರೆಂಚಿನಲ್ಲಿ ಕಡಲು, ಹಲ್ಲು, ಹೂವು, ಬಣ್ಣ ಸ್ತ್ರೀಲಿಂಗ. ಇಟಾಲಿಯನ್‌ನಲ್ಲಿ ಅವೆಲ್ಲ ಪುಲ್ಲಿಂಗ. ಭಾನುವಾರ, ವಸಂತ ಅಲ್ಲಿ ಪುಲ್ಲಿಂಗ, ಇಲ್ಲಿ ಸ್ತ್ರೀಲಿಂಗ. ಇವನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.

ಬಿಡುವಿದ್ದಾಗ ಫ್ರಾನ್ಸಿನ ಗಡಿಗೆ ಹೊಂದಿಕೊಂಡಿರುವ ಇಟಲಿಯ ಆವೊಸ್ತಾ ಕಣಿವೆಗೆ ಹೋಗುತ್ತೇನೆ. 1948ರ ವಿಶೇಷ ಶಾಸನದಂತೆ ಅಲ್ಲಿ ಫ್ರೆಂಚಿಗೂ ಇಟಾಲಿಯನ್‌ಗೂ ಸಮಾನ ಸ್ಥಾನ. ಬೀದಿಯ ಹೆಸರು, ಕಚೇರಿಯ ಫಲಕ ಎರಡರಲ್ಲೂ ಇರುತ್ತವೆ. ಒಂದನ್ನು ಕೈಯಿಂದ ಮರೆಮಾಡಿ ಇನ್ನೊಂದನ್ನು ಹೇಳಿಕೊಳ್ಳುವುದು ನನ್ನ ಅಭ್ಯಾಸ; ಪುಸ್ತಕಕ್ಕಿಂತ ಹೆಚ್ಚು ಕಲಿಸಿದ ಫಲಕಗಳು ಅವು.

ಹೋದ ನವೆಂಬರಿನಲ್ಲಿ ಹೊಸದಾಗಿ ತೆಗೆದ ಆಲಿವ್ ಎಣ್ಣೆಯ ಸೀಸೆ ಕೊಂಡೆ. ಎಣ್ಣೆ ಫ್ರೆಂಚಿನಲ್ಲಿ ‘ಲುಯಿಲ್’, ಇಟಾಲಿಯನ್‌ನಲ್ಲಿ ‘ಲೋಲ್ಯೊ’. ಎರಡರಲ್ಲೂ ಲಿಂಗ ತೋರಿಸಬೇಕಾದ ಉಪಪದ (ಇಂಗ್ಲಿಷಿನ ‘ದ’ದಂತೆ ಹೆಸರಿನ ಮುಂದೆ ಬರುವ ಪುಟ್ಟ ಪದ) ಪದದೊಳಗೆ ಬೆರೆತು ಗುರುತು ಅಳಿಸಿಹೋಗಿದೆ. ಇಷ್ಟು ದಿನ ಎರಡನ್ನೂ ಸ್ತ್ರೀಲಿಂಗವೆಂದೇ ಆಡುತ್ತ ಬಂದಿದ್ದೆ. ಸೀಸೆಯ ಮೇಲೆ ‘ಓಲ್ಯೊ ನುವೋವೊ’ (ಹೊಸ ಎಣ್ಣೆ) ಎಂದು ಅಚ್ಚಾಗಿತ್ತು. ಸ್ತ್ರೀಲಿಂಗದ ‘ನುವೋವಾ’ ಅಲ್ಲ, ಪುಲ್ಲಿಂಗದ ‘ನುವೋವೊ’. ಮನೆಗೆ ಬಂದವಳೇ ಕೆಂಪು ಪೆನ್ನು ತೆಗೆದು ಬರೆದುಕೊಂಡೆ.