ಕೆಟ್ಟು ನಿಂತ ಸಣ್ಣ ಟ್ರ್ಯಾಕ್ಟರ್ ಅನ್ನು ಪಿಕಪ್‌ಗೆ ಕಟ್ಟಿ ಎಳೆಯುವುದು ಹೇಗೆ?

ತೊಗರಿ ಸಾಲಿನ ನಡುವೆ ಎಡೆ ಹೊಡೆಯಲು, ಔಷಧ ಸಿಂಪಡಿಸಲು ಕಲಬುರಗಿ ಸೀಮೆಯಲ್ಲಿ ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡ ರೈತರು ಈಗ ಸಾಕಷ್ಟಿದ್ದಾರೆ. ಅದು ಹೊಲದ ನಡುವೆ ಕೆಟ್ಟು ನಿಂತರೆ ಮೊದಲು ನೆನಪಾಗುವುದು ಮನೆ ಮುಂದೆ ನಿಂತ ಪಿಕಪ್. ‘ಏನ್ ಭಾಳ ಭಾರ ಇಲ್ಲ ತಗೋ, ಹಗ್ಗ ಕಟ್ಟಿ ಎಳಿ’ ಎನ್ನುವವರೇ ಹೆಚ್ಚು. ಭಾರ ಹೆಚ್ಚಿಲ್ಲ ಎಂಬುದು ನಿಜ. ಈ ಗಾತ್ರದ ಟ್ರ್ಯಾಕ್ಟರ್‌ಗಳು ಸಾಮಾನ್ಯವಾಗಿ 600ರಿಂದ 900 ಕಿಲೋ ತೂಗುತ್ತವೆ. ಆದರೆ ಎಳೆದದ್ದನ್ನು ನಿಲ್ಲಿಸಲೂಬೇಕು. ಹಗ್ಗಕ್ಕೆ ಎಳೆಯುವುದು ಗೊತ್ತು, ತಡೆಯುವುದು ಗೊತ್ತಿಲ್ಲ. ಪಿಕಪ್ ಬ್ರೇಕ್ ಹಾಕಿದ ಕೂಡಲೇ ಟ್ರ್ಯಾಕ್ಟರ್ ಬಂದು ಹಿಂದಿನ ಬಾಗಿಲಿಗೆ ಗುದ್ದುತ್ತದೆ. ಆದ್ದರಿಂದ ಟ್ರ್ಯಾಕ್ಟರ್ ಮೇಲೆ ಕೂರುವವರು ಪಿಕಪ್ ಓಡಿಸುವವರಿಗಿಂತ ಪಳಗಿದವರಾಗಿರಬೇಕು. ನಮ್ಮಲ್ಲಿ ಆಗುವುದು ತಿರುವುಮುರುವು: ಪಳಗಿದವರು ಪಿಕಪ್ ಹತ್ತುತ್ತಾರೆ, ಹುಡುಗನನ್ನು ಟ್ರ್ಯಾಕ್ಟರ್ ಮೇಲೆ ಕೂರಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ನೆಲ ನೋಡಿ

ಗಟ್ಟಿ ದಾರಿಯಲ್ಲಿ 800 ಕಿಲೋ ಟ್ರ್ಯಾಕ್ಟರ್ ಉರುಳಿಸಲು ಸುಮಾರು 30 ಕಿಲೋ ಸೆಳೆತ ಸಾಕು. ಹಸಿ ಹೊಲದಲ್ಲಿ ಅದು ಹಲವು ಪಟ್ಟು ಏರುತ್ತದೆ. ಗಾಲಿ ಹೂತು ಹೋಗಿದ್ದರೆ ಟ್ರ್ಯಾಕ್ಟರ್‌ನ ತೂಕದಷ್ಟೇ ಸೆಳೆತ ಬೇಕಾಗಬಹುದು. ಜೇವರ್ಗಿ, ಚಿತ್ತಾಪುರ, ಸೇಡಂ ಕಡೆಯ ಎರೆಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಟೈರಿನ ಹಲ್ಲುಗಳ ನಡುವೆ ಮಣ್ಣು ತುಂಬಿ ಟೈರು ಬೋಳಾದಂತೆ ಜಾರುತ್ತದೆ. ಪರೀಕ್ಷೆ ಸುಲಭ: ಹೊಲದಲ್ಲಿ ಹತ್ತು ಹೆಜ್ಜೆ ನಡೆಯಿರಿ. ಚಪ್ಪಲಿಗೆ ಮಣ್ಣು ಹತ್ತಿ ಕಾಲು ಎತ್ತುವುದೇ ಭಾರವಾದರೆ ಪಿಕಪ್ ಅನ್ನು ಹೊಲಕ್ಕೆ ಇಳಿಸಬೇಡಿ. ಅದು ಹಾದಿಯ ಮೇಲೇ ನಿಲ್ಲಲಿ, ಹಗ್ಗ ಉದ್ದವಾಗಲಿ. ಅದೂ ಆಗದಿದ್ದರೆ ಎರಡು ದಿನ ಬಿಸಿಲು ಬೀಳುವವರೆಗೆ ಕಾಯಿರಿ, ಇಲ್ಲವೇ ದೊಡ್ಡ ಟ್ರ್ಯಾಕ್ಟರ್ ಕರೆಸಿ. ಖಾಲಿ ಪಿಕಪ್‌ನ ಹಿಂಭಾಗ ಹಗುರ. ಹಿಂದಿನ ಗಾಲಿಗಳು ಸುಮ್ಮನೆ ಸುತ್ತುತ್ತ ಗುಂಡಿ ತೋಡಿಕೊಳ್ಳುತ್ತವೆ. ಗಟ್ಟಿ ನೆಲದಲ್ಲಿ ಎಳೆಯುವಾಗಲೂ ಹಿಂದಿನ ಆಕ್ಸಲ್ ಮೇಲೆ ನಾಲ್ಕೈದು ಗೊಬ್ಬರದ ಚೀಲ ಹೇರುವುದು ಒಳ್ಳೆಯದು.

ಟ್ರ್ಯಾಕ್ಟರ್ ಹೂತಿದ್ದರೆ ಮೊದಲು ಸಲಿಕೆ ಹಿಡಿಯಿರಿ. ಗಾಲಿಯ ಮುಂದಿನ ಮಣ್ಣು ತೆಗೆದು ಇಳಿಜಾರು ಮಾಡಿ, ಅದರಲ್ಲಿ ತೊಗರಿ ಕಟ್ಟಿಗೆ ಅಡ್ಡಡ್ಡ ಹಾಸಿ. ಸಾಧ್ಯವಾದರೆ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಿರಿ. ಅಲ್ಲಿ ಗಾಲಿಯ ಜಾಡು ಆಗಲೇ ಬಿದ್ದಿರುತ್ತದೆ.

ಟ್ರ್ಯಾಕ್ಟರ್ ಸಿದ್ಧ ಮಾಡುವುದು

ಹಿಂದೆ ರೋಟವೇಟರ್ ಅಥವಾ ಕುಂಟೆ ಇದ್ದರೆ ಬಿಚ್ಚಿಡಿ. ಎಂಜಿನ್ ಚಾಲೂ ಇಲ್ಲದೆ ಹೈಡ್ರಾಲಿಕ್ ಅದನ್ನು ಎತ್ತುವುದಿಲ್ಲ. ಗೇರ್ ನ್ಯೂಟ್ರಲ್‌ಗೆ ತನ್ನಿ, ಹೈ-ಲೋ ಲಿವರ್ ಸಹ ನ್ಯೂಟ್ರಲ್ ಇರಲಿ. ಹಿಂದಿನ ಉಪಕರಣಕ್ಕೆ ಎಂಜಿನ್ ಶಕ್ತಿ ಕೊಡುವ ಪಿಟಿಒ ಬಿಡಿಸಿ. ಫೋರ್ ವೀಲ್ ಲಿವರ್ ಇದ್ದರೆ ಅದನ್ನೂ ಬಿಡಿಸಿ. ಎರಡೂ ಹಿಂಗಾಲಿಗಳನ್ನು ಒಂದೇ ವೇಗದಲ್ಲಿ ತಿರುಗಿಸುವ ಡಿಫರೆನ್ಷಿಯಲ್ ಲಾಕ್ ಹಾಕಿದ್ದರೆ ತಿರುವಿನಲ್ಲಿ ಟ್ರ್ಯಾಕ್ಟರ್ ತಿರುಗುವುದೇ ಇಲ್ಲ, ಅದು ಬಿಟ್ಟಿದೆಯೇ ನೋಡಿ. ಕೊನೆಗೆ ಹ್ಯಾಂಡ್ ಬ್ರೇಕ್ ಬಿಡಿಸಿ.

ಇಷ್ಟೆಲ್ಲ ಮಾಡಿದವರೂ ಮರೆಯುವುದು ಬ್ರೇಕ್ ಪೆಡಲ್. ಹೊಲದಲ್ಲಿ ಗಕ್ಕನೆ ತಿರುಗಲು ಎಡ ಬಲ ಪೆಡಲ್‌ಗಳನ್ನು ಬೇರೆ ಮಾಡಿಟ್ಟಿರುತ್ತೇವೆ. ಹಾಗೇ ಎಳೆಸಿಕೊಂಡು ಹೋಗುವಾಗ ಒಂದೇ ಪೆಡಲ್ ತುಳಿದರೆ ಒಂದೇ ಹಿಂಗಾಲಿ ಹಿಡಿದು ಟ್ರ್ಯಾಕ್ಟರ್ ಪಕ್ಕಕ್ಕೆ ತಿರುಗಿಬಿಡುತ್ತದೆ. ಎರಡನ್ನೂ ಲಾಕ್‌ನಿಂದ ಜೋಡಿಸಿ, ಕೈಯಿಂದ ತಳ್ಳಿಸಿ ಒಮ್ಮೆ ತುಳಿದು ನೋಡಿ. ಬ್ರೇಕ್ ಹಿಡಿಯದಿದ್ದರೆ ಹಗ್ಗದ ಮಾತೇ ಬೇಡ. ಮಿಸ್ತ್ರಿಯನ್ನು ಹೊಲಕ್ಕೇ ಕರೆಸಿ. ಪವರ್ ಸ್ಟೀರಿಂಗ್ ಇರುವ ಟ್ರ್ಯಾಕ್ಟರ್ ಆದರೆ ಎಂಜಿನ್ ನಿಂತಾಗ ಸ್ಟೀರಿಂಗ್ ಬಹಳ ಬಿಗಿ ಎಂಬುದನ್ನು ಕೂರುವವರಿಗೆ ಮೊದಲೇ ಹೇಳಿ.

ಕಟ್ಟುವ ಜಾಗ

ಟ್ರ್ಯಾಕ್ಟರ್ ಮುಂಭಾಗದಲ್ಲಿ ಚಾಸಿಗೆ ಬೋಲ್ಟ್ ಮಾಡಿದ ಹುಕ್ ಅಥವಾ ಪಿನ್ ಇರುತ್ತದೆ, ಅದಕ್ಕೇ ಕಟ್ಟಿ. ಸ್ಟೀರಿಂಗ್ ರಾಡಿಗೆ, ಬಾನೆಟ್ ಮುಂದಿನ ಜಾಲಿಗೆ ಕಟ್ಟಬೇಡಿ. ರಾಡ್ ಬಾಗಿದರೆ ಮುಂದಿನ ಗಾಲಿಗಳು ಒಂದೊಂದು ದಿಕ್ಕಿಗೆ ನೋಡುತ್ತವೆ. ಹಿಂದಕ್ಕೆ ಎಳೆಯುವುದಾದರೆ ಟ್ರೇಲರ್ ಸಿಕ್ಕಿಸುವ ಕೆಳಗಿನ ಡ್ರಾಬಾರ್‌ಗೆ ಕಟ್ಟಿ, ಮೇಲಿನ ಟಾಪ್ ಲಿಂಕ್ ಜಾಗಕ್ಕೆ ಬೇಡ. ಪಿಕಪ್‌ನಲ್ಲೂ ಚಾಸಿಯ ಹುಕ್ಕೇ ಆಗಬೇಕು. ಬಂಪರ್, ಪಾಟಾ (ಸ್ಪ್ರಿಂಗ್ ಪಟ್ಟಿ) ಯಾವುದೂ ಇದಕ್ಕೆ ಮಾಡಿದ್ದಲ್ಲ.

ಚೈನು ಹಿಗ್ಗುವುದಿಲ್ಲ, ಹಾಗಾಗಿ ಪ್ರತಿ ಜಗ್ಗಾಟವೂ ನೇರ ಹುಕ್ಕಿಗೆ ಬಡಿಯುತ್ತದೆ. ನೈಲಾನ್ ಹಗ್ಗ ಹಿಗ್ಗುತ್ತದೆ, ಜಗ್ಗಾಟ ನುಂಗುತ್ತದೆ, ಆದರೆ ಹರಿದರೆ ಚಾಟಿಯಂತೆ ತಿರುಗಿ ಬಡಿಯುತ್ತದೆ. ನನ್ನ ಆಯ್ಕೆ ಭಾರ ಎತ್ತಲು ಬಳಸುವ ಅಗಲ ಪಟ್ಟಿಯ ಬೆಲ್ಟ್, ಎರಡು ತುದಿಗೂ ತಿರುಪಿನ ಡಿ-ಶಕಲ್, ಅಂದರೆ ಡಿ ಆಕಾರದ ಕಬ್ಬಿಣದ ಕೊಂಡಿ. ಬೆಲ್ಟಿನ ಅಂಚು ಸವೆದು ನೂಲು ಎದ್ದಿದ್ದರೆ ಬಳಸಬೇಡಿ. ಯಾವುದನ್ನೇ ಕಟ್ಟಿ, ನಡುವೆ ಒಂದು ಒದ್ದೆ ಗೋಣಿಚೀಲ ಹೊದಿಸಿ. ಹರಿದರೂ ಅದರ ಭಾರಕ್ಕೆ ಹಗ್ಗ ನೆಲಕ್ಕೆ ಬೀಳುತ್ತದೆ. ಹಗ್ಗ ಬಿಗಿಯಾದ ಮೇಲೆ ಅದನ್ನು ಯಾರೂ ದಾಟಬಾರದು. ನೋಡಲು ಬಂದ ಮಕ್ಕಳನ್ನು ಹಗ್ಗದ ಎರಡರಷ್ಟು ದೂರ ಕಳಿಸಿ.

ಎಳೆಯುವಾಗ

ಪಿಕಪ್ ಮೊದಲ ಗೇರ್‌ನಲ್ಲಿ ತೆವಳುತ್ತ ಹೋಗಿ ಹಗ್ಗದ ಸಡಿಲ ಪೂರ್ತಿ ತೆಗೆಯಬೇಕು. ಬಿಗಿಯಾದ ಮೇಲೇ ರೇಸ್. ಹಿಂದೆ ಸರಿದು ರಭಸದಿಂದ ಜಗ್ಗುವ ಚಟ ಬಿಡಿ, ಹುಕ್ಕು ಕಿತ್ತು ಹಾರುವುದು ಆಗಲೇ. ಟ್ರ್ಯಾಕ್ಟರ್ ಹೊರಟ ಮೇಲೆ ಇಬ್ಬರ ವೇಗ ಜೋರು ನಡಿಗೆಗಿಂತ ತುಸು ಹೆಚ್ಚಿದ್ದರೆ ಸಾಕು. ಹಿಂದಿನವರ ಕಣ್ಣು ಹಗ್ಗದ ಮೇಲಿರಲಿ. ಅದು ಜೋತು ಬಿದ್ದ ಕೂಡಲೇ ಮೆಲ್ಲಗೆ ಬ್ರೇಕ್ ಒತ್ತಿ ಮತ್ತೆ ಬಿಗಿ ಮಾಡಬೇಕು. ಪಿಕಪ್ ನಿಲ್ಲಿಸುವ ಮುಂಚೆ ಕೈ ಹೊರಗೆ ತೋರಿಸಬೇಕು. ಒಂದು ಹಾರ್ನ್ ಎಂದರೆ ನಿಲ್ಲು, ಎರಡು ಎಂದರೆ ಹೊರಡು ಎಂದು ಮೊದಲೇ ಮಾತಾಡಿಕೊಳ್ಳಿ. ಫೋನಿನಲ್ಲಿ ಮಾತಾಡುತ್ತ ಎಳೆಯುವುದು ಬೇಡ.

ಇಳಿಜಾರು ಬಂದರೆ, ಉದಾಹರಣೆಗೆ ಬೀದರ್ ಕಡೆಯ ಏರಿಳಿತದ ದಾರಿಗಳಲ್ಲಿ, ಹಗ್ಗದ ಬದಲು ಗಟ್ಟಿ ಕಬ್ಬಿಣದ ಟೋ ಬಾರ್ ಬೇಕು. ಶಹಾಪುರ, ಸುರಪುರದ ಕಾಲುವೆ ಏರಿಯ ಮೇಲೆ ತಿರುವುಗಳನ್ನು ಅಗಲವಾಗಿ ತೆಗೆದುಕೊಳ್ಳಿ, ಟ್ರ್ಯಾಕ್ಟರ್ ಒಳಬದಿಗೆ ಸರಿಯುತ್ತದೆ.

ಬ್ಯಾಟರಿ ಕೂತಿದೆ ಎಂದು ಗೇರ್ ಹಾಕಿ ಎಳೆದು ಚಾಲೂ ಮಾಡಿಸುವವರಿದ್ದಾರೆ. ಎಂಜಿನ್ ಹಿಡಿದ ಕ್ಷಣ ಟ್ರ್ಯಾಕ್ಟರ್ ಮುಂದಕ್ಕೆ ಜಿಗಿಯುತ್ತದೆ, ಮುಂದೆ ಪಿಕಪ್ ಇರುತ್ತದೆ. ಪಿಕಪ್ಪಿನ ಬ್ಯಾಟರಿಯಿಂದ ಜಂಪರ್ ವೈರ್ ಕೊಟ್ಟರೆ ಆಗುವ ಕೆಲಸಕ್ಕೆ ಈ ಸಾಹಸ ಯಾಕೆ?

ಡಾಂಬರು ರಸ್ತೆಗೆ ಹತ್ತುವ ಮುಂಚೆ ನಿಂತು ಹಗ್ಗ ಗಿಡ್ಡ ಮಾಡಿ. ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು, ಎಳೆಸಿಕೊಳ್ಳುವ ವಾಹನದ ಸೀಟಿನಲ್ಲಿ ಲೈಸೆನ್ಸ್ ಇದ್ದವರೇ ಕೂತಿರಬೇಕು, ಅದರ ಹಿಂದೆ ‘ಆನ್ ಟೋ’ ಎಂಬ ಫಲಕ ಇರಬೇಕು. ಇವು ರಸ್ತೆ ನಿಯಮಗಳು. ಹಗ್ಗಕ್ಕೆ ಕೆಂಪು ಬಟ್ಟೆ ಕಟ್ಟಿ. ಹೊತ್ತು ಮುಳುಗಿದ ಮೇಲೆ ಹೆದ್ದಾರಿಗೆ ಇಳಿಯಬೇಡಿ. ಕಬ್ಬಿನ ಹಂಗಾಮಿನಲ್ಲಂತೂ ಎದುರಿಗೆ ಬರುವ ಲೋಡಿನ ಬೆಳಕಿಗೆ ನಿಮ್ಮ ಹಗ್ಗ ಯಾರಿಗೂ ಕಾಣದು. ದೂರ ಹೋಗುವುದಿದ್ದರೆ ಎಳೆಯಬೇಡಿ, ಬೇರೆ ವಾಹನದ ಮೇಲೆ ಹೇರಿಸಿ ಕಳಿಸಿ. ಎಂಜಿನ್ ನಿಂತಿದ್ದಾಗ ಗೇರ್ ಬಾಕ್ಸಿನ ಎಲ್ಲ ಭಾಗಕ್ಕೂ ಎಣ್ಣೆ ಸರಿಯಾಗಿ ಸಿಗದಿರಬಹುದು.

ಗ್ಯಾರೇಜ್ ಮುಟ್ಟಿದ ಮೇಲೆ ಮೊದಲು ಟ್ರ್ಯಾಕ್ಟರ್ ಗಾಲಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಹಾಕಿ, ಆಮೇಲೆ ಹಗ್ಗ ಬಿಚ್ಚಿ. ಎರಡೂ ಹುಕ್ಕುಗಳ ವೆಲ್ಡಿಂಗ್ ಬಿರುಕು ಬಿಟ್ಟಿದೆಯೇ ಎಂದು ಮಣ್ಣು ಒರೆಸಿ ನೋಡಿ. ಬಿಟ್ಟಿದ್ದರೆ ಮಿಸ್ತ್ರಿಗೆ ಅದನ್ನೂ ತೋರಿಸಿ.