ಹಳೇ ಮಾಡೆಲ್ ಕಿಟ್‌ನ ಕ್ರೋಮ್ ಮತ್ತು ಬಣ್ಣ ತೆಗೆಯುವ ಬಗೆ: ನನ್ನ ಅನುಭವ

ಪ್ಲಾಸ್ಟಿಕ್ ಭಾಗಗಳನ್ನು ಜೋಡಿಸಿ ಮಾಡುವ ಕಾರಿನ ಮಾಡೆಲ್ ಕಿಟ್‌ಗಳಲ್ಲಿ ಬಂಪರ್, ಗ್ರಿಲ್, ರಿಮ್‌ಗಳ ಸ್ಪ್ರೂ (ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಪಳಪಳ ಹೊಳೆಯುತ್ತಾ ಬರುತ್ತದೆ. ಅದನ್ನು ಹಾಗೇ ಬಳಸುವುದು ನನಗೆ ಅಪರೂಪ. ಸ್ಪ್ರೂನಿಂದ ಕತ್ತರಿಸಿದಲ್ಲಿ ಬೋಳು ಪ್ಲಾಸ್ಟಿಕ್ ಕಾಣುತ್ತದೆ, ಅಚ್ಚಿನ ಗೆರೆ ಕೆರೆದರೆ ಹೊಳಪೂ ಹೋಗುತ್ತದೆ. ಕಿಟ್‌ನ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವಂಥದ್ದು, ಹಾಗಾಗಿ ಕ್ರೋಮ್ ಮೇಲೆ ಅದು ಹಿಡಿಯುವುದೂ ಇಲ್ಲ.

ಕ್ರೋಮ್ ಎಂದು ಕರೆದರೂ ಈ ಹೊಳಪು ಅಲ್ಯೂಮಿನಿಯಂನದು. ಪ್ಲಾಸ್ಟಿಕ್ ಮೇಲೆ ಮೊದಲು ಮೆರುಗೆಣ್ಣೆಯ ಪದರ, ಅದರ ಮೇಲೆ ನಿರ್ವಾತದಲ್ಲಿ ಆವಿಯಾಗಿಸಿ ಕೂರಿಸಿದ ತೆಳು ಲೋಹ. ಸಾಮಾನ್ಯವಾಗಿ ಎರಡಕ್ಕೂ ಬೇರೆ ಬೇರೆ ಮದ್ದು ಬೇಕು. ಮೇಲಿನ ಲೋಹಕ್ಕೆ ಬಟ್ಟೆಗೆ ಹಾಕುವ ಬ್ಲೀಚ್ ಸಾಕು, ನೀರು ಬೆರೆಸದೆ. ಸಣ್ಣ ಭಾಗಗಳನ್ನು ಪ್ಲಾಸ್ಟಿಕ್‌ನ ಟೀ ಸೋಸುವ ಜಾಲರಿಯಲ್ಲಿಟ್ಟು ಮುಳುಗಿಸಿದರೆ ಸಿಂಕಿನ ತೂತಿಗೆ ಜಾರಿ ಹೋಗುವ ಭಯವಿಲ್ಲ. ಸಾಮಾನ್ಯವಾಗಿ ಐದರಿಂದ ಹದಿನೈದು ನಿಮಿಷದಲ್ಲಿ ಲೋಹ ಮಾಯ. ಅರ್ಧ ಗಂಟೆಯಾದರೂ ಹೊಳಪು ಕದಲದಿದ್ದರೆ ಬ್ಲೀಚ್ ಹಳೆಯದಿರಬಹುದು, ಇಟ್ಟಲ್ಲೇ ಅದರ ಕಸುವು ಇಳಿಯುತ್ತದೆ. ಇಲ್ಲವೇ ಲೋಹದ ಮೇಲೂ ಒಂದು ಪಾರದರ್ಶಕ ಲೇಪ ಇದೆ ಎಂದರ್ಥ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಅಡಿಯ ಮೆರುಗೆಣ್ಣೆ ಹಾಗೇ ಉಳಿದಿರುತ್ತದೆ: ತುಸು ಹಳದಿ, ನುಣುಪು, ಗ್ರಿಲ್‌ನ ಸಂದುಗಳಲ್ಲಿ ಮಡುಗಟ್ಟಿಕೊಂಡು. ಅದರ ಮೇಲೆ ಪ್ರೈಮರ್ ಹೊಡೆದರೆ ಮಾಸ್ಕಿಂಗ್ ಟೇಪ್ ಕೀಳುವಾಗ ಬಣ್ಣವೆಲ್ಲ ಸಿಪ್ಪೆಯಾಗಿ ಬಂದುಬಿಡಬಹುದು. ನಾನು ಭಾಗಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಕೆಲವು ಗಂಟೆ, ಮೊಂಡಾದರೆ ರಾತ್ರಿಯಿಡೀ ನೆನೆಸಿ, ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುತ್ತೇನೆ. ಸಂದಿಗೆ ಮರದ ಟೂತ್‌ಪಿಕ್, ಸೂಜಿ ಬೇಡವೇ ಬೇಡ.

ಬ್ಲೀಚಿನಿಂದ ಆಲ್ಕೋಹಾಲ್‌ಗೆ ಹೋಗುವ ಮುನ್ನ ಹರಿಯುವ ನೀರಲ್ಲಿ ಚೆನ್ನಾಗಿ ತೊಳೆಯಲೇಬೇಕು, ಎರಡೂ ಬೆರೆತರೆ ಕ್ಲೋರೊಫಾರ್ಮ್‌ನಂಥ ವಿಷಗಳು ಹುಟ್ಟುತ್ತವೆ. ಬ್ಲೀಚಿಗೆ ಶೌಚಾಲಯದ ಆಸಿಡ್ ಬೆರೆತರೆ ಕ್ಲೋರಿನ್, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೆರೆತರೆ ಕ್ಲೋರಮೈನ್, ಎರಡೂ ವಿಷಾನಿಲ. ಬಚ್ಚಲುಮನೆಯಲ್ಲಿ ಈ ಕೆಲಸ ಮಾಡುವವರು ಅಲ್ಲಿನ ಉಳಿದ ಬಾಟಲಿಗಳನ್ನು ಮೊದಲು ಆಚೆ ಇಡಿ.

ಒಂದೇ ಏಟಿಗೆ ಎರಡೂ ಪದರ ಸಡಿಲಿಸುವುದು ಕಾಸ್ಟಿಕ್ ಸೋಡಾ. ಒಂದು ಲೀಟರ್ ತಣ್ಣೀರಿಗೆ ಐವತ್ತು ಗ್ರಾಂ, ಸ್ವಲ್ಪ ಸ್ವಲ್ಪವಾಗಿ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ದ್ರಾವಣ ಬಿಸಿಯಾಗುತ್ತದೆ, ಆರಿದ ಮೇಲಷ್ಟೇ ಭಾಗಗಳನ್ನು ಹಾಕಿ, ಬಿಸಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಅಲ್ಯೂಮಿನಿಯಂ ಕರಗುವಾಗ ಹೈಡ್ರೋಜನ್ ಬರುವುದರಿಂದ ಡಬ್ಬಿಯ ಮುಚ್ಚಳ ಬಿಗಿಯಬೇಡಿ. ರಬ್ಬರ್ ಗ್ಲೌಸು, ಕಣ್ಣಿಗೆ ಸುರಕ್ಷಾ ಕನ್ನಡಕ ಕಡ್ಡಾಯ. ಪಾತ್ರೆ ಪ್ಲಾಸ್ಟಿಕ್‌ನದೇ ಇರಲಿ, ಅಡುಗೆಮನೆಯ ಅಲ್ಯೂಮಿನಿಯಂ ಬೋಗುಣಿ ತಳ ತೂತಾದೀತು. ಯುದ್ಧ ಟ್ಯಾಂಕ್ ಕಿಟ್‌ಗೆ ಲೇತ್‌ನಲ್ಲಿ ಕಡೆದ ಅಲ್ಯೂಮಿನಿಯಂ ಬ್ಯಾರೆಲ್ (ಫಿರಂಗಿ ನಳಿಗೆ) ಹಾಕಿದ್ದರೆ ಮೊದಲು ಅದನ್ನು ಕಳಚಿ.

ಬಣ್ಣದ ವಿಷಯದಲ್ಲಿ ಮೊದಲು ಅದರ ಜಾತಿ ತಿಳಿಯಬೇಕು. ಕಾಣದ ಮೂಲೆಯಲ್ಲಿ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಅರ್ಧ ನಿಮಿಷ ಉಜ್ಜಿ. ಹತ್ತಿಗೆ ಬಣ್ಣ ಬಂದರೆ ಬಹುಪಾಲು ಅಕ್ರಿಲಿಕ್, ಅದೇ ಆಲ್ಕೋಹಾಲ್ ಸಾಕು. ಬಾರದಿದ್ದರೆ ಎನಾಮೆಲ್ ಅಥವಾ ಲ್ಯಾಕರ್. ಹಳೇ ಎನಾಮೆಲ್‌ಗೆ ಮೇಲಿನ ಕಾಸ್ಟಿಕ್ ದ್ರಾವಣವೇ ಒಳ್ಳೆಯದು, ಒಂದೆರಡು ದಿನ ಬೇಕಾಗಬಹುದು. ಬ್ರೇಕ್ ಆಯಿಲ್ ಸಹ ಕೆಲಸ ಮಾಡುತ್ತದೆ, ಆದರೆ ದಿನಗಟ್ಟಲೆ ಬಿಟ್ಟರೆ ಕೆಲವು ಪ್ಲಾಸ್ಟಿಕ್ ಪೆಡಸಾಗುತ್ತವೆ. ಚೆಲ್ಲಲೂ ಕಷ್ಟ, ನನಗಂತೂ ಇಷ್ಟವಿಲ್ಲ. ಅಸಿಟೋನ್, ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹತ್ತಿರವೂ ತರಬೇಡಿ, ಬಣ್ಣದ ಜೊತೆಗೆ ಕಿಟ್‌ನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನೇ ಕರಗಿಹೋಗುತ್ತದೆ. ಡೆಟಾಲ್‌ನಲ್ಲಿ ನೆನೆಸುವವರಿದ್ದಾರೆ. ಬಣ್ಣ ಬಿಡುತ್ತದೆ, ಆದರೆ ನೀರು ತಾಕಿದ ಕ್ಷಣ ಬಿಟ್ಟ ಬಣ್ಣವೆಲ್ಲ ಅಂಟಂಟು ಮೇಣವಾಗಿ ಬ್ರಶ್ಶಿಗೂ ಕೈಗೂ ಮೆತ್ತಿಕೊಳ್ಳುತ್ತದೆ. ಹಾಗಾಗಿ ಡೆಟಾಲ್‌ನಲ್ಲೇ ಪೂರ್ತಿ ತಿಕ್ಕಿ, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ, ಕೊನೆಗೆ ನೀರು.

ಜೋಡಿಸಿದ ಮಾಡೆಲ್ ಆದರೆ ಸೂಪರ್‌ಗ್ಲೂ ಹಾಕಿದ ಕೀಲುಗಳು, ಪುಟ್ಟಿ ತುಂಬಿದ ಜಾಗ ಸಡಿಲವಾಗಬಹುದು. ವಿಮಾನದ ಕ್ಯಾನೊಪಿಯಂಥ ಪಾರದರ್ಶಕ ಭಾಗವನ್ನು ಆಲ್ಕೋಹಾಲ್‌ನಲ್ಲಿ ನೆನೆಹಾಕಬೇಡಿ. ಒಳಗೊಳಗೇ ಬಿಗಿತವಿರುವ ಪ್ಲಾಸ್ಟಿಕ್ ಅದರಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಸರಿಪಡಿಸಲು ಬಾರದು. ಹತ್ತಿಯಿಂದ ಒರೆಸಿ ಒರೆಸಿ ತೆಗೆಯಿರಿ.

ಎಲ್ಲ ಮುಗಿದ ಮೇಲೆ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒಂದು ದಿನ ಒಣಗಿಸಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡುತ್ತೇನೆ. ಮಂಕು ಪ್ಲಾಸ್ಟಿಕ್ ನಡುವೆ ಎಲ್ಲಾದರೂ ಮಿಂಚಿದರೆ ಅಲ್ಲಿ ಮೆರುಗೆಣ್ಣೆ ಉಳಿದಿದೆ, ಮತ್ತೆ ಆಲ್ಕೋಹಾಲ್‌ಗೆ. ಕೆಂಪು ಬಣ್ಣದ ಕಲೆ ಪ್ಲಾಸ್ಟಿಕ್‌ನೊಳಗೆ ಇಳಿದಿದ್ದರೆ ಅದರ ಹಿಂದೆ ಬೀಳಬೇಡಿ, ಬೂದು ಪ್ರೈಮರ್ ಮುಚ್ಚುತ್ತದೆ. ಗಟ್ಟಿಕಾರಕ ಬೆರೆಸಿ ಹೊಡೆದ ಯುರೇಥೇನ್ ಬಣ್ಣವಾಗಿದ್ದರೆ ಮೇಲಿನ ಯಾವುದೂ ನಾಟುವುದಿಲ್ಲ. ಅದನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿಯೇ ಇಳಿಸಬೇಕು.