ಸಾಮಾನು ತುಂಬಿಸುವುದು ಬೇಸಿಗೆಯ ಕೆಲಸ, ಗಾಬರಿಯ ಕೆಲಸ ಅಲ್ಲ

ಟಿವಿಯಲ್ಲಿ ಎಲ್ಲೋ ಒಂದು ಹೊಸ ಜ್ವರದ ಸುದ್ದಿ ಬಂದರೆ ಸಾಕು, ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಕ್ಕಳ ಗಡಿಬಿಡಿ ಶುರುವಾಗುತ್ತದೆ. ಅಕ್ಕಿ ತಂದಿಟ್ಟಿರಾ, ಎಣ್ಣೆ ಉಂಟಾ, ಗ್ಯಾಸ್ ಬುಕ್ ಆಯ್ತಾ ಅಂತ ಒಬ್ಬರ ಮೇಲೊಬ್ಬರು ಕೇಳುತ್ತಾರೆ. ಆಮೇಲೆ ಯಾರಾದರೂ ಒಬ್ಬಳು ಸೂಪರ್ ಮಾರ್ಕೆಟಿನಲ್ಲಿ ಗಾಡಿ ತುಂಬ ಹೇರಿಕೊಂಡು ನಿಂತ ಫೋಟೊ ಹಾಕುತ್ತಾಳೆ. ನನಗೆ ಸಿಟ್ಟು ಬರುತ್ತದೆ. ಸಾಮಾನು ತಂದದ್ದಕ್ಕೆ ಯಾಕೆ ಸಿಟ್ಟು? ತಂದ ರೀತಿಗೆ ಸಿಟ್ಟು. ತಂದದ್ದನ್ನು ಕೆಡದ ಹಾಗೆ ಇಡಲಿಕ್ಕೆ ಬಾರದ್ದಕ್ಕೆ ಇನ್ನೂ ಜಾಸ್ತಿ ಸಿಟ್ಟು.

2020ರ ಮಾರ್ಚ್ ನೆನಪು ಮಾಡಿಕೊಳ್ಳಿ. 22ಕ್ಕೆ ಜನತಾ ಕರ್ಫ್ಯೂ. 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿ ಟಿವಿಗೆ ಬಂದು 21 ದಿನ ಇಡೀ ದೇಶ ಬಂದ್ ಅಂದರು. ದಿನಸಿ, ಹಾಲು, ಔಷಧಿ ಸಿಗುತ್ತದೆ ಅಂತಲೂ ಹೇಳಿದ್ದರು. ಯಾರು ಕೇಳುತ್ತಾರೆ? ಹತ್ತಿರ ನಿಂತರೆ ಅಂಟುವ ರೋಗಕ್ಕೆ ಹೆದರಿ, ಅಂಗಡಿ ಮುಂದೆ ಒಬ್ಬರ ಬೆನ್ನಿಗೆ ಒಬ್ಬರು ತಾಗಿ ನಿಂತರು. ಆ ತಿಂಗಳ ಕೊನೆಗೆ ದಕ್ಷಿಣ ಕನ್ನಡದಲ್ಲಿ ದಿನಸಿ ಅಂಗಡಿಯನ್ನೂ ಪೂರ್ತಿ ಮುಚ್ಚಿಸಿದ್ದರು. ಮತ್ತೆ ತೆರೆದ ದಿನ ಮಂಗಳೂರು ಪೇಟೆಯಲ್ಲಿ ಕಾಲಿಡಲಿಕ್ಕೆ ಜಾಗ ಇರಲಿಲ್ಲ. ಕೇರಳದ ಕಡೆಯ ತಲಪಾಡಿ ಗಡಿ ಬಂದ್. ಸೆಂಟ್ರಲ್ ಮಾರ್ಕೆಟಿನ ತರಕಾರಿ ವ್ಯಾಪಾರ ಬೈಕಂಪಾಡಿಗೆ ಹೋಯಿತು. ಉಡುಪಿಯಲ್ಲಿದ್ದ ನಾವು ಜಿಲ್ಲೆಯ ಗಡಿ ಹೆಜಮಾಡಿ ದಾಟಿ ಮಂಗಳೂರಿಗೆ ಹೋಗುವ ಹಾಗೆಯೂ ಇರಲಿಲ್ಲ.

ಅಂಗಡಿ ಖಾಲಿಯಾದದ್ದು ದೇಶದಲ್ಲಿ ಅಕ್ಕಿ ಇಲ್ಲದ್ದಕ್ಕಲ್ಲ. ಅಂಗಡಿಯವನು ಕೆಲವು ದಿನಕ್ಕೆ ಸಾಕಾಗುವಷ್ಟು ಮಾತ್ರ ಇಟ್ಟಿರುತ್ತಾನೆ, ಮತ್ತೆ ಲಾರಿ ಬರುತ್ತದೆ, ಮತ್ತೆ ತುಂಬಿಸುತ್ತಾನೆ. ಎರಡು ತಿಂಗಳಿನದ್ದನ್ನು ಎಲ್ಲರೂ ಒಂದೇ ಸಂಜೆ ಎತ್ತಿಕೊಂಡು ಹೋದರೆ ಯಾವ ಅಂಗಡಿ ತಾನೇ ಉಳಿಯುತ್ತದೆ? ಆಸ್ಟ್ರೇಲಿಯಾದಲ್ಲಿ ಜನ ಟಾಯ್ಲೆಟ್ ಪೇಪರಿಗೆ ಕಿತ್ತಾಡಿದರು, ಒಬ್ಬರಿಗೆ ಇಷ್ಟೇ ಅಂತ ಅಂಗಡಿಯವರೇ ಮಿತಿ ಹಾಕಬೇಕಾಯಿತು. ನಮ್ಮಲ್ಲಿ ಸ್ಯಾನಿಟೈಸರ್. 200 ಎಂಎಲ್ ಬಾಟ್ಲಿಗೆ 100 ರೂಪಾಯಿಗಿಂತ ಜಾಸ್ತಿ ತಗೊಳ್ಳಬಾರದು ಅಂತ ಸರ್ಕಾರವೇ ಆದೇಶ ಮಾಡುವಷ್ಟು ಆಯಿತು. ಮನೆಯಲ್ಲಿ ನೀರುಂಟು, ಸಾಬೂನುಂಟು, ಕೈ ತೊಳೆಯಲಿಕ್ಕೆ ಅದು ಸಾಕು ಅಂತ ಡಾಕ್ಟರುಗಳೇ ಹೇಳುತ್ತಿದ್ದರು. ಸಾಬೂನಿಗೆ ಅಷ್ಟು ಓಡಿದವರಿಲ್ಲ.

ನನ್ನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ದಿನಕೂಲಿ ಮಾಡುವವರು ಅವತ್ತಿನ ಸಂಬಳದಲ್ಲಿ ಅವತ್ತಿನ ಅಕ್ಕಿ ತರುವವರು. ಅವರು ಸಂಜೆ ಬರುವಾಗ ಕಾರಿನವರು ಡಿಕ್ಕಿ ತುಂಬಿಸಿಕೊಂಡು ಹೋಗಿ ಆಗಿರುತ್ತದೆ. ಘಟ್ಟದ ಮೇಲಿಂದ ಕಟ್ಟಡದ ಕೆಲಸಕ್ಕೆ ಬಂದವರು ಇಲ್ಲಿ ಸಿಕ್ಕಿಹಾಕಿಕೊಂಡಿದ್ದರು. ರೇಷನ್ ಕಾರ್ಡ್ ಇದ್ದವರಿಗೆ ಕೇಂದ್ರದಿಂದ ತಲೆಗೆ 5 ಕಿಲೊ ಉಚಿತ ಧಾನ್ಯ ಅಂತ ಆಯಿತು, ಸರಿ. ಕಾರ್ಡ್ ಊರಿನಲ್ಲಿ ಬಿಟ್ಟು ಬಂದವರು ಎಂತ ಮಾಡಬೇಕು? ನಿಮ್ಮ ಮನೆಯ ಎರಡನೇ ಚೀಲ ಅವರ ಬಟ್ಟಲಿನದ್ದು. ಇದನ್ನು ನಾನು ಮಕ್ಕಳಿಗೆ ಮುಖಕ್ಕೇ ಹೇಳಿದ್ದೇನೆ.

ಅಷ್ಟು ಮಾಡಿ ತಂದದ್ದು ಎಂತ ಆಯಿತು? ಮಂಗಳೂರಿನ ಫ್ಲ್ಯಾಟಿನಲ್ಲಿರುವ ನನ್ನ ಅಣ್ಣನ ಮಗಳು ರವೆ, ಗೋಧಿ ಹಿಟ್ಟು, ತೊಗರಿಬೇಳೆ ಎಲ್ಲ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆಯಲ್ಲೇ ಕಪಾಟಿಗೆ ತುರುಕಿದ್ದಳು. ಜೂನಿನ ಮಳೆ ಬಿತ್ತು ನೋಡಿ, ರವೆಯೆಲ್ಲ ಬಲೆ ಕಟ್ಟಿ ಉಂಡೆಯಾಗಿತ್ತು. ಬೇಳೆಯಲ್ಲಿ ತೂತು. ಅಕ್ಕಿಯಲ್ಲಿ ಗುಗ್ಗುರು. "ಅತ್ತೆ, ಪ್ಯಾಕೆಟ್ ಒಡೆದೇ ಇಲ್ಲ, ಹುಳ ಎಲ್ಲಿಂದ ಬಂತು?" ಅಂತ ಫೋನಿನಲ್ಲಿ ಕೇಳುತ್ತಾಳೆ. ಮಾರಾಯ್ತಿ, ಗುಗ್ಗುರು ಅಕ್ಕಿಯ ಕಾಳನ್ನೇ ಕೊರೆದು ಒಳಗೆ ಮೊಟ್ಟೆ ಇಡುತ್ತದೆ. ಅಂಗಡಿಯಿಂದ ಬರುವಾಗಲೇ ಅದು ಒಳಗಿರುತ್ತದೆ. ಬೆಚ್ಚಗಿನ ತೇವ ಸಿಕ್ಕಿದ ಕೂಡಲೇ ಎದ್ದು ಬರುತ್ತದೆ.

ನಮ್ಮ ಕಡೆ ಸಾಮಾನು ಕೂಡಿಡುವುದು ಹೊಸತಲ್ಲ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯಲ್ಲಿ, ಹೊಳೆ ತುಂಬಿ ದೋಣಿ ನಿಂತರೆ ಪೇಟೆಯ ಮಾತೇ ಇಲ್ಲ. ಗದ್ದೆ ಕೆಲಸ ಮುಗಿದು ಕೈಯಲ್ಲಿ ದುಡ್ಡು ಓಡಾಡದ ಕಾಲ ಅದು. ಹಾಗಾಗಿ ಸುಗ್ಗಿಯಿಂದಲೇ ಒಂದೊಂದಾಗಿ ಒಳಗೆ ಸೇರುತ್ತಿತ್ತು. ಕುಚ್ಚಲಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟುತ್ತಿದ್ದರು, ಒಂದು ಮುಡಿಗೆ 42 ಸೇರು. ನನ್ನ ಅಜ್ಜನ ಮನೆಯಲ್ಲಿ ಮುಡಿ ಕಟ್ಟುವವರು ಬಂದರೆ ಅಂಗಳದಲ್ಲಿ ನಾವು ಮಕ್ಕಳು ಸುತ್ತ ಕೂರುತ್ತಿದ್ದೆವು. ಹುಲ್ಲಿನ ಹಗ್ಗವನ್ನು ಬಿಗಿದು ಬಿಗಿದು, ಮರದ ಕೊರಡಿನಿಂದ ಬಡಿದು ಗುಂಡಗೆ ಮಾಡುತ್ತಿದ್ದರು, ಒಂದು ಕಾಳು ಹೊರಗೆ ಬೀಳುತ್ತಿರಲಿಲ್ಲ. ಹಲಸಿನ ಸೊಳೆ ಉಪ್ಪಿಗೆ, ಮಾವಿನಕಾಯಿ ಉಪ್ಪಿಗೆ. ಹಲಸಿನ ಬೀಜ ಕೆಮ್ಮಣ್ಣಿನಲ್ಲಿ ಹೊರಳಿಸಿ ಮೂಲೆಗೆ. ಹಪ್ಪಳ, ಸಂಡಿಗೆ, ಪುನರ್ಪುಳಿ ಸಿಪ್ಪೆ, ಹುಣಸೆ. ಮೀನು ತಿನ್ನುವ ಮನೆಗಳಲ್ಲಿ ಒಣಮೀನು, ಯಾಕೆಂದರೆ ಮಳೆಗಾಲದಲ್ಲಿ ಕಡಲಿಗೆ ಹೋಗುವವರು ಕಡಿಮೆ. ಇದಕ್ಕೆಲ್ಲ ಯಾರೂ ಓಡಿರಲಿಲ್ಲ, ಯಾರ ಪಾಲನ್ನೂ ಕಿತ್ತಿರಲಿಲ್ಲ. ಬೆಳೆ ಜಾಸ್ತಿ ಇದ್ದಾಗ, ಕ್ರಯ ಕಡಿಮೆ ಇದ್ದಾಗ, ಬಿಸಿಲು ಇದ್ದಾಗ ಮಾಡಿದ್ದು.

ಈಗಿನವರಿಗೆ ಮುಡಿ ಬೇಡ. ಅಕ್ಕಿ ತಂದ ದಿನ ಗೆರಸಿಯಲ್ಲಿ, ಅಂದರೆ ಮೊರದಲ್ಲಿ ಕೇರಿ, ಪೇಪರಿನ ಮೇಲೆ ನೆರಳಿನಲ್ಲಿ ಹರಡಿ ಗಾಳಿಗೆ ಬಿಡಿ. ಕೆಂಡದಂಥ ಬಿಸಿಲಿಗೆ ಹಾಕಿದರೆ ಕಾಳು ಬಿರಿದು ಅನ್ನ ನುಚ್ಚಾಗುತ್ತದೆ. ತಗಡಿನ ಡಬ್ಬ ಒಣಗಿದೆಯಾ ನೋಡಿ, ನಡುನಡುವೆ ಒಣಮೆಣಸು ಹಾಕಿ ಮುಚ್ಚಿ. ತೊಗರಿಬೇಳೆಗೆ ಅಂಗೈಗೆ ಸ್ವಲ್ಪ ಹರಳೆಣ್ಣೆ ಹಚ್ಚಿಕೊಂಡು ತಿಕ್ಕಿ, ಬೇಳೆ ಹೊಳೆಯಬೇಕು, ಅಂಟಬಾರದು. ರವೆಯನ್ನು ಸಣ್ಣ ಉರಿಯಲ್ಲಿ ಪರಿಮಳ ಬರುವವರೆಗೆ ಹುರಿದು, ಪೂರ್ತಿ ತಣಿದ ಮೇಲೆ ತುಂಬಿಸಿ. ಬೆಚ್ಚಗಿರುವಾಗಲೇ ಮುಚ್ಚಳ ಹಾಕುವುದು ನಿಮ್ಮ ಪೀಳಿಗೆಯ ರೋಗ. ತೆಂಗಿನಕಾಯಿಯನ್ನು ಜುಟ್ಟು ಮೇಲೆ ಮಾಡಿ ನಿಲ್ಲಿಸಿ. ಹೊಸತು ಹಿಂದೆ, ಹಳತು ಮುಂದೆ. ಇಷ್ಟು ಗೊತ್ತಿರಲೇಬೇಕು, ಇದನ್ನು ಬಿಡಿಸಿ ಹೇಳುವುದಿಲ್ಲ.

  

ಇನ್ನು ಸೌತೆಕಾಯಿ. ಹಸಿ ತಿನ್ನುವ ಎಳೆ ಸೌತೆ ಅಲ್ಲ, ಹುಳಿಗೆ ಹಾಕುವ ಹಳದಿ ಮಂಗಳೂರು ಸೌತೆ. ಇದನ್ನು ಸರಿಯಾಗಿ ತೂಗಹಾಕಲು ಬರುವವರು ನಮ್ಮ ಮನೆಯಲ್ಲಿ ಈಗ ನಾನೊಬ್ಬಳೇ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ಲಾಕ್‌ಡೌನಿನಲ್ಲಿ ಪೇಟೆಯವರು ನೂಡಲ್ಸಿಗೆ ಸಾಲು ನಿಂತಿದ್ದಾಗ ನಮ್ಮ ಪಕ್ಕದ ಗದ್ದೆಯಲ್ಲಿ ಸೌತೆಕಾಯಿ ಕೊಳ್ಳುವವರಿಲ್ಲದೆ ಬಿದ್ದಿತ್ತು. ಬೆಳೆದವನ ಮುಖ ನೋಡಲಾಗುತ್ತಿರಲಿಲ್ಲ. ನಾನು ಗೋಣಿ ತುಂಬ ತರಿಸಿ ಎಲ್ಲ ತೂಗಹಾಕಿದೆ. ಹುಳಿ, ಪಲ್ಯಕ್ಕೆ ಆ ಮಳೆಗಾಲ ಪೂರ್ತಿ ನಮಗೆ ಪೇಟೆಯ ತರಕಾರಿಯ ಹಂಗಿರಲಿಲ್ಲ. ಕೆಲವು ಚೌತಿಯವರೆಗೂ ಬಂದವು.

ಮೊದಲು ಆರಿಸುವುದು. ಮೈ ಪೂರ್ತಿ ಹಳದಿಗೆ ತಿರುಗಿರಬೇಕು, ಹಸಿರು ಪಟ್ಟೆ ಇದ್ದರೆ ಅಡ್ಡಿ ಇಲ್ಲ. ಬೆರಳಿನಿಂದ ಒತ್ತಿದರೆ ಕಲ್ಲಿನ ಹಾಗೆ ಗಟ್ಟಿ. ಆದರೆ ಉಗುರು ಊರಿ ನೋಡಬೇಡಿ. ಮಾರ್ಕೆಟಿನಲ್ಲಿ ಹುಡುಗಿಯರು ಚುಚ್ಚಿ ಚುಚ್ಚಿ ನೋಡುವುದು ಕಂಡರೆ ಕೈ ಹಿಡಿದು ನಿಲ್ಲಿಸೋಣ ಅನಿಸುತ್ತದೆ. ಆ ಉಗುರಿನ ಗಾಯದಿಂದಲೇ ಕೊಳೆ ಶುರುವಾಗುವುದು. ಎರಡು ಬೆರಳಿನಷ್ಟಾದರೂ ತೊಟ್ಟು ಇರಲೇಬೇಕು. ತೊಟ್ಟು ಕಿತ್ತು ಬಂದದ್ದು ಎಷ್ಟು ಚಂದ ಇದ್ದರೂ ಅದೇ ವಾರದ ಹುಳಿಗೆ. ಮಣ್ಣಿಗೆ ತಾಗಿ ಮಲಗಿದ್ದ ಬಿಳಚು ಬದಿಯನ್ನು ಹೆಬ್ಬೆರಳಿನಿಂದ ತಡವಿ ನೋಡಿ, ಮೆತ್ತಗಿದ್ದರೆ ಬೇಡ.

ಮನೆಗೆ ತಂದು ತೊಳೆಯಬೇಡಿ. ದೊಡ್ಡಕ್ಷರದಲ್ಲಿ ಬರೆದಿಟ್ಟುಕೊಳ್ಳಿ, ತೊಳೆಯಬೇಡಿ. ಕೊರೋನಾ ಅಂತ ತರಕಾರಿಯನ್ನೆಲ್ಲ ಸೋಪಿನ ನೀರಿಗೆ ಮುಳುಗಿಸಿದ್ದರು ಕೆಲವರು, ದೇವರೇ! ಒಣ ಬಟ್ಟೆಯಿಂದ ಮಣ್ಣು ಒರೆಸಿದರೆ ಆಯಿತು. ತೊಟ್ಟಿನ ತುದಿಗೆ ನಾನು ವೀಳ್ಯದೆಲೆಯ ಸುಣ್ಣ ಒಂದು ಚೂರು ಮುಟ್ಟಿಸುತ್ತೇನೆ. ಆಮೇಲೆ ಗೋಣಿಯ ಮೇಲೆ ಒಂದೇ ಸಾಲಿನಲ್ಲಿ, ಒಂದಕ್ಕೊಂದು ತಾಗದ ಹಾಗೆ, ನೆರಳಿನಲ್ಲಿ ಕೆಲವು ದಿನ ಬಿಡಬೇಕು. ಒಳಗೆ ಪೆಟ್ಟು ತಿಂದದ್ದು ಈ ದಿನಗಳಲ್ಲೇ ತಾನಾಗಿ ಕಪ್ಪಗಾಗಿ ತೋರಿಸಿಕೊಳ್ಳುತ್ತದೆ. ಅದನ್ನು ಅಡಿಗೆಗೆ ಎತ್ತಿಕೊಳ್ಳಿ. ಉಳಿದದ್ದು ಮಾತ್ರ ತೂಗುವುದು.

ಕಟ್ಟಲಿಕ್ಕೆ ಬಾಳೆ ನಾರು. ಪ್ಲಾಸ್ಟಿಕ್ ಹಗ್ಗ ಖಂಡಿತ ಬೇಡ, ಅದು ಸಿಪ್ಪೆಯನ್ನು ಕೊಯ್ಯುತ್ತದೆ, ಅಡಿಯಲ್ಲಿ ಬೆವರು ನಿಲ್ಲುತ್ತದೆ. ಬಾಳೆ ದಿಂಡಿನ ಹೊರಗಿನ ಒಣಗಿದ ಪಟ್ಟೆಯನ್ನು ಬೆರಳಗಲ ಸೀಳಿ, ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಒಣ ನಾರಿನಲ್ಲಿ ಗಂಟು ಹಾಕಿದರೆ ಪಟ್ಟಂತ ತುಂಡಾಗುತ್ತದೆ. ತೊಟ್ಟಿಗೆ ಕಟ್ಟಿ ನೇತುಹಾಕುವವರನ್ನು ನೋಡಿದ್ದೇನೆ. ತೊಟ್ಟು ಒಣಗಿ ಸಪೂರ ಆಗುತ್ತದಲ್ಲ, ಒಂದು ದಿನ ನಡುರಾತ್ರಿ ಕಾಯಿ ದಡಾರನೆ ನೆಲಕ್ಕೆ. ತೊಟ್ಟಿನ ಬದಿಗೆ ಒಂದು ಸುತ್ತು, ಬುಡದ ಬದಿಗೆ ಒಂದು ಸುತ್ತು, ಎರಡರ ತುದಿಯನ್ನೂ ಮೇಲೆ ಸೇರಿಸಿ ಗಂಟು. ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಕಾಯಿ ಅಡ್ಡ ಮಲಗಬೇಕು. ಸುತ್ತು ಬಿಗಿಯಾಗಬಾರದು, ಕಿರುಬೆರಳು ನುಗ್ಗುವಷ್ಟು ಸಡಿಲ ಇರಲಿ. ನಾರು ಒಣಗುವಾಗ ತಾನೇ ಬಿಗಿಯುತ್ತದೆ.

ಒಂದರ ಕೆಳಗೆ ಒಂದು ಸರದ ಹಾಗೆ ಕಟ್ಟುವಾಗ ನಡುವೆ ಒಂದು ಮುಷ್ಟಿ ಜಾಗ ಬಿಡಿ. ಇಲ್ಲಿ ನನ್ನ ಅತ್ತೆ ಕಲಿಸಿದ್ದೊಂದು ಉಂಟು, ಇದನ್ನು ಯಾರೂ ಮಾಡುವುದಿಲ್ಲ. ಸ್ವಲ್ಪ ಸಂಶಯದ ಕಾಯಿ ಯಾವತ್ತೂ ಸರದ ಅಡಿಯಲ್ಲಿ. ಮೇಲಿನ ಕಾಯಿ ಕೊಳೆತು ನೀರು ಬಿಟ್ಟರೆ ಅದು ಕೆಳಗಿನ ಎಲ್ಲದರ ಮೇಲೂ ಇಳಿದು ಸರವೇ ಹಾಳು. ಅಡಿಯದ್ದು ಕೊಳೆತರೆ ನೀರು ನೆಲಕ್ಕೆ ಬೀಳುತ್ತದೆ, ನಿಮಗೂ ಕೂಡಲೇ ಗೊತ್ತಾಗುತ್ತದೆ. ಅತ್ತೆಗೆ ಕೊನೆಕೊನೆಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಸಂಜೆ ದೀಪ ಹಚ್ಚುವ ಮೊದಲು ಒಂದೊಂದು ಕಾಯಿಯ ಹೊಟ್ಟೆಯಡಿಗೆ ಅಂಗೈ ಇಟ್ಟು ನೋಡುತ್ತಿದ್ದರು. "ಇದು ನಾಳೆಗೆ" ಅಂದರೆ ಅದು ನಾಳೆಗೇ. ನೀವೂ ವಾರಕ್ಕೊಮ್ಮೆ ಕೈಯಿಟ್ಟು ನೋಡಿ. ತಣ್ಣಗೆ ಒದ್ದೆ ಅನಿಸಿದರೆ, ಬುಡದಲ್ಲಿ ಹುಳಿ ವಾಸನೆ ಬಂದರೆ ಇಳಿಸಿ.

ಮೊದಲು ಅಟ್ಟದ ಅಡ್ಡೆಗೆ, ಅಂದರೆ ಅಡ್ಡ ಮರಕ್ಕೆ, ಒಲೆಯ ಹೊಗೆ ತಾಗುವಲ್ಲಿ ಕಟ್ಟುತ್ತಿದ್ದೆವು. ಫ್ಲ್ಯಾಟಿನಲ್ಲಿ ಹೊಗೆಯೂ ಇಲ್ಲ, ಅಡ್ಡೆಯೂ ಇಲ್ಲ ಅಂತ ಹೇಳಬೇಡಿ. ಪಾತ್ರೆ ತೊಳೆಯುವ ಕೋಣೆಯಲ್ಲಿ ಬಟ್ಟೆ ಒಣಗಿಸುವ ಸರಳು ಇರುತ್ತದಲ್ಲ, ಅದರ ಒಂದು ಬದಿ ಬಿಡಿಸಿಕೊಳ್ಳಿ. ಒದ್ದೆ ಬಟ್ಟೆಯ ಪಕ್ಕ ಬೇಡ, ಕುಕ್ಕರಿನ ಹಬೆ ಬರುವಲ್ಲಿ ಬೇಡ, ಮಳೆಯ ಎರಚಲು ಬೀಳುವ ಬಾಲ್ಕನಿಯಲ್ಲೂ ಬೇಡ. ಗಾಳಿ ಆಡಿದರೆ ಸಾಕು. ಜಾಗ ಇಲ್ಲದಿದ್ದರೆ ಒಂದೇ ಸರ ಹಾಕಿ. ಅಣ್ಣನ ಮಗಳು ಹೋದ ಬೇಸಿಗೆಯಲ್ಲಿ ಹಾಗೇ ಹಾಕಿದ್ದಾಳೆ. ಗಂಟು ಮಾತ್ರ ಇನ್ನೂ ಬಿಗಿ ಮಾಡುತ್ತಾಳೆ.

ಅಡಿಗೆಗೆ ಕಾಯಿ ಹೆಚ್ಚಿದ ಮೇಲೆ ಮೊದಲು ತೊಟ್ಟಿನ ಬದಿಯ ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ, ಅದಕ್ಕೆ ಬೆಲ್ಲ ಹಾಕಿ ಸರಿಮಾಡಲು ಹೋಗಬೇಡಿ. ಕಹಿ ಇಲ್ಲದಿದ್ದರೆ ಹೋಳು ಹುಳಿಗೆ, ಸಿಪ್ಪೆ ಚಟ್ನಿಗೆ, ತಿರುಳು ಬೀಜ ಅರೆದು ಸೋಸಿ ಸಾರಿಗೆ. ಅರ್ಧ ಕೊಯ್ದು ಉಳಿದರ್ಧ ಫ್ರಿಜ್ಜಿನಲ್ಲಿ ಇಟ್ಟು ಮರೆಯುವುದಾದರೆ ಸಣ್ಣ ಕಾಯಿಗಳನ್ನೇ ಆರಿಸಿ ತನ್ನಿ. ಬೀಜ ಸ್ವಲ್ಪ ಬೂದಿಯಲ್ಲಿ ಹೊರಳಿಸಿ ಒಣಗಿಸಿಡಿ, ಊರಲ್ಲಿ ಗದ್ದೆ ಇದ್ದವರು ಕೇಳಿದರೆ ಕೊಡಬಹುದು.